ಪ್ರತಿ ಮೂಲಕ್ಕೆ ಸರಿಯಿದೆ

೧೧ ನವೆಂಬರ್ ೧೯೪೨, ಬುಧವಾರ. ಕೀಲ್

ಜಾಸ್ಪರ್‌ನ ಜಲಾಂತರ್ಗಾಮಿ ದೋಣಿ ಮೊನ್ನೆ ಸೋಮವಾರ ಹೊರಟಿತು. ಇವತ್ತಿನಿಂದ ಬರೆಯುತ್ತೇನೆ. ನೌಕಾಪಡೆಯ ಕಚೇರಿಯಲ್ಲಿ ಕಂಡದ್ದನ್ನು ಮನೆಯಲ್ಲಿ ಹೇಳಕೂಡದು, ಅಮ್ಮ ಮನೆಯಲ್ಲಿ ಕೇಳುವುದನ್ನು ಕಚೇರಿಯಲ್ಲಿ ಕೇಳಕೂಡದು. ಇವೆರಡರ ನಡುವೆ ಕುಳಿತುಕೊಳ್ಳಲು ನನಗೊಂದು ಜಾಗ ಬೇಕು.

ದೋಣಿಯ ಸಂಖ್ಯೆಯನ್ನು ಇಲ್ಲಿಯೂ ಬರೆಯುವುದಿಲ್ಲ. ಅದರ ಗೋಪುರದ ಮೇಲೆ ಹುಡುಗರು ಬಿಳಿ ಬಣ್ಣದಲ್ಲಿ ಒಂದು ಕೆಟಲ್ ಚಿತ್ರ ಬರೆದಿದ್ದಾರೆ. ಕಮಾಂಡರ್ ಹಾರ್ಬರ್ಟ್ಸ್ ಪೂರ್ವ ಫ್ರೀಸಿಯದವರು, ಟೀ ಇಲ್ಲದೆ ನೀರಿಗೆ ಇಳಿಯುವವರಲ್ಲ. ಹಾಗಾಗಿ ಕೆಟಲ್ ದೋಣಿ. ನಲವತ್ತಾರು ಜನ ಅದರ ಹೊಟ್ಟೆಯಲ್ಲಿ ಕುಳಿತು ಸಮುದ್ರದ ಕೆಳಗೆ ಹೋಗುತ್ತಾರೆ, ಅವರಲ್ಲಿ ಒಬ್ಬ ನನ್ನ ತಮ್ಮ. ರೇಡಿಯೋ ಅವನ ಕೆಲಸ. ದೋಣಿ ಮುಳುಗಿರುವಾಗ ನೀರೊಳಗಿನ ಸದ್ದು ಕೇಳುವುದೂ ಅವನೇ.

ಬಂದರಿನ ಧಕ್ಕೆಯಲ್ಲಿ ಅಮ್ಮ ಅವನ ಕಾಲರ್ ಸರಿಮಾಡುತ್ತಲೇ ಇದ್ದರು. ಅವನು ನನಗೆ ಕಣ್ಣು ಹೊಡೆದು, "ಅಕ್ಕ, ನಿನ್ನ ಟೈಪ್‌ರೈಟರ್‌ಗಿಂತ ನಮ್ಮ ದೋಣಿ ಕಡಿಮೆ ಸದ್ದು ಮಾಡ್ತದೆ. ಹೆದರ್ಕೋಬೇಡ" ಅಂದ. ಕೊಲ್ಲಿಯ ಮೇಲೆ ಮಂಜು ಕುಳಿತಿತ್ತು. ಒಗೆದು ಹಿಂಡದೆ ಹರವಿದ ಬಟ್ಟೆಯ ಹಾಗೆ ಭಾರವಾದ ಮಂಜು. ದೋಣಿ ಅದರೊಳಗೆ ಹೋಗಲಿಲ್ಲ, ಮಂಜೇ ಬಂದು ಅದನ್ನು ಎತ್ತಿಕೊಂಡಿತು ಅನ್ನಿಸಿತು. ಬಹಳ ಹೊತ್ತು ನೋಡುತ್ತ ನಿಂತಿದ್ದೆ.

ನನ್ನ ಕೆಲಸ ಇದು: ದೋಣಿಗಳು ದಡ ಸೇರಿದ ಮೇಲೆ ಕಮಾಂಡರ್‌ಗಳು ಪೆನ್ಸಿಲಿನಲ್ಲಿ ಬರೆದ ಯುದ್ಧದಿನಚರಿ ನಮ್ಮ ಕಚೇರಿಗೆ ಬರುತ್ತದೆ. ನಾನು ನಾಲ್ಕು ಕಾರ್ಬನ್ ಇಟ್ಟು ಐದು ಪ್ರತಿ ತೆಗೆಯುತ್ತೇನೆ. ನಾಲ್ಕು ಮೇಲಕ್ಕೆ ಹೋಗುತ್ತವೆ, ಒಂದು ನಮ್ಮಲ್ಲಿ ಉಳಿಯುತ್ತದೆ. ಮೂಲ ಬೀರು ಸೇರುತ್ತದೆ. ಆಮೇಲೆ ಅದನ್ನು ಯಾರೂ ತೆರೆಯುವುದಿಲ್ಲ. ಪ್ರತಿ ಹಾಳೆಯ ಕೆಳಗೆ "ಪ್ರತಿ ಮೂಲಕ್ಕೆ ಸರಿಯಿದೆ" ಎಂಬ ಮೊಹರು ಒತ್ತಿ, ಟೆಲ್ಸೆ ಎಹ್ಲರ್ಸ್ ಎಂಬ ನನ್ನ ಹೆಸರಿನ ಎರಡು ಅಕ್ಷರ ಹಾಕುತ್ತೇನೆ. ಹನ್ನೆರಡು ವರ್ಷ ನೋಟರಿಯೊಬ್ಬರ ಹತ್ತಿರ ಇದೇ ಮೊಹರು ಒತ್ತಿದವಳು ನಾನು. ಮೂಲದಲ್ಲಿ ತಪ್ಪಿದ್ದರೆ ಪ್ರತಿಯಲ್ಲೂ ತಪ್ಪಿರಬೇಕು ಎಂದು ಅವರು ಹೇಳುತ್ತಿದ್ದರು. ನನಗೆ ಅದಕ್ಕಿಂತ ದೊಡ್ಡ ಧರ್ಮ ಗೊತ್ತಿಲ್ಲ.

ಈ ಕಮಾಂಡರ್‌ಗಳ ಬರವಣಿಗೆ ಮಾತ್ರ ನನಗೆ ಸಿಟ್ಟು ತರಿಸುತ್ತದೆ. "ಗಾಳಿ ವಾಯವ್ಯ ೪, ಅಲೆ ೩, ನೋಟ ಮಧ್ಯಮ, ವಿಶೇಷವೇನಿಲ್ಲ." ಸಮುದ್ರವನ್ನು ಕಣ್ಣಾರೆ ಕಂಡವರು ಆಡುವ ಮಾತೇ ಇದು?

೨೦ ನವೆಂಬರ್, ಶುಕ್ರವಾರ

ಕಚೇರಿಗೆ ಒಬ್ಬ ಹೆಂಗಸು ಬಂದಿದ್ದಳು, ಕೆಂಪು ತಲೆವಸ್ತ್ರ, ಕೈಯಲ್ಲಿ ಹೆಣೆದ ಕೈಗವಸು. ಗಂಡನ ದೋಣಿಯ ಸುದ್ದಿ ಕೇಳಲು. ನನ್ನ ಮೇಲಿನವರಾದ ಫ್ರೌ ಪೋಲ್ ಅವಳನ್ನು ಕೂರಿಸಿ, ಕೈ ಹಿಡಿದು, "ಸುದ್ದಿ ಇಲ್ಲ ಅಂದ್ರೆ ಒಳ್ಳೆ ಸುದ್ದಿ ಕಣಮ್ಮಾ. ಅವ್ರು ದೂರ ಇದ್ದಾರೆ, ರೇಡಿಯೋ ಮಾತಾಡಂಗಿಲ್ಲ. ಹೋಗಿ ಆ ಇನ್ನೊಂದು ಗವಸು ಹೆಣೀರಿ" ಅಂದರು. ಅವಳು ನಗುತ್ತ ಹೋದಳು.

ಫ್ರೌ ಪೋಲ್ ಅವರ ಮೇಜಿನ ಮೇಲೆ ದೋಣಿಗಳ ಚೀಟಿಗಳ ಪೆಟ್ಟಿಗೆಯಿದೆ. ಉತ್ತರ ಕೊಡದ ದೋಣಿಯ ಚೀಟಿಯ ಮೂಲೆಯಲ್ಲಿ ಪೆನ್ಸಿಲಿನಿಂದ ಒಂದು ನಕ್ಷತ್ರ ಹಾಕುತ್ತಾರೆ. ಹೋದದ್ದು ಖಚಿತವಾದರೆ ಶಾಯಿಯಲ್ಲಿ ಎರಡನೆಯದು. ಆ ಹೆಂಗಸಿನ ಗಂಡನ ದೋಣಿಗೆ ಎರಡು ನಕ್ಷತ್ರ ಬಿದ್ದು ಹತ್ತು ದಿನವಾಗಿದೆ.

"ಹೇಗೆ ಹೇಳಿದ್ರಿ ಹಾಗೆ?" ಅಂತ ಕೇಳಿದೆ.

"ಕಾಗದ ಮೇಲಿಂದ ಬರೋ ತನಕ ನಾವು ಹೇಳಂಗಿಲ್ಲ. ನೀನು ಹೊಸಬಳು ಟೆಲ್ಸೆ. ಚಳಿಗಾಲ ಕಳೀಲಿ, ನೀನೂ ಹೇಳ್ತೀಯ."

ನಾನು ಹೇಳುವುದಿಲ್ಲ. ಇಲ್ಲಿ ಬರೆದಿಡುತ್ತಿದ್ದೇನೆ.

೨೪ ಡಿಸೆಂಬರ್

ಆಲೂಗಡ್ಡೆ ಸಲಾಡ್, ಒಬ್ಬೊಬ್ಬರಿಗೆ ಒಂದು ಸಾಸೇಜ್. ಅಮ್ಮ ಬೆಲ್ಲದ ಪಾಕ ಸಿಗದೆ ಬೀಟ್‌ರೂಟ್ ಕುದಿಸಿ ಕಂದು ಬಿಸ್ಕತ್ತು ಮಾಡಿದ್ದರು. ಮೂರು ತಟ್ಟೆ ಹಾಕಿ ಮೂರನೆಯದರಲ್ಲಿ ನಾಲ್ಕು ಬಿಸ್ಕತ್ತು ಇಟ್ಟರು. ಹೊರಗೆ ಕತ್ತಲೆ, ಕಿಟಕಿಗೆಲ್ಲ ಕಪ್ಪು ಕಾಗದ. ಆದರೂ ಹಿಮ ಬಿದ್ದಾಗ ಬೀದಿ ತನ್ನಷ್ಟಕ್ಕೇ ಬೆಳಗುತ್ತದೆ, ಅದನ್ನು ಯಾವ ಆಜ್ಞೆಯೂ ಆರಿಸಲಾರದು.

೧೮ ಜನವರಿ ೧೯೪೩, ಸೋಮವಾರ

ಕೆಟಲ್ ದೋಣಿ ಫ್ರಾನ್ಸಿನ ಬಂದರು ಸೇರಿದೆ. ಎಲ್ಲರೂ ಕ್ಷೇಮ. ಮೂರು ಹಡಗು ಮುಳುಗಿಸಿದ್ದಕ್ಕೆ ಮೂರು ಪತಾಕೆ ಹಾರಿಸಿಕೊಂಡು ಬಂದಿತಂತೆ. ಫ್ರೌ ಪೋಲ್ ಚೀಟಿ ತೋರಿಸಿದರು, ಮೂಲೆ ಖಾಲಿ. ಅಮ್ಮನಿಗೆ ಹೇಳಕೂಡದು. ಮನೆಗೆ ಹೋಗಿ ಅವರ ಕೆನ್ನೆಗೆ ಮುತ್ತಿಟ್ಟೆ. "ಏನೇ, ಬೆಣ್ಣೆ ಸಿಕ್ಕಿತಾ?" ಅಂದರು. ಆಮೇಲೆ ನನ್ನ ಮುಖ ನೋಡಿ ಅರ್ಥ ಮಾಡಿಕೊಂಡು, ಬೆಣ್ಣೆಯ ಬಗ್ಗೆಯೇ ಮಾತಾಡುತ್ತ ಅತ್ತರು.

೨೬ ಜನವರಿ, ಮಂಗಳವಾರ

ಕೆಟಲ್ ದೋಣಿಯ ಯುದ್ಧದಿನಚರಿ ಬಂತು. ನನ್ನ ಸರದಿಯೇ ಇತ್ತು, ಕೇಳಿ ಪಡೆದದ್ದಲ್ಲ. ಹಾರ್ಬರ್ಟ್ಸ್ ಅವರ ಅಕ್ಷರ ಸಣ್ಣದು, ನೇರ. ಹೊರಟ ದಿನದ ಪುಟದಲ್ಲಿ "ಮಂಜು, ನೋಟ ೨೦೦ ಮೀಟರ್" ಎಂದಿದೆ. ನಾನು ನಿಂತು ನೋಡಿದ ಮಂಜು ಅದು.

ಡಿಸೆಂಬರ್ ಹದಿನಾಲ್ಕರ ಪುಟಕ್ಕೆ ಬಂದೆ.

"೧೪.೨೦. ಹಡಗು ಮುಳುಗಿತು. ಗಾಳಿ ಪಶ್ಚಿಮ ೩, ನೋಟ ಚೆನ್ನಾಗಿದೆ. ಮೇಲೆ ಬಂದು ಅವರ ರಕ್ಷಣಾ ದೋಣಿಯ ಹತ್ತಿರ ಹೋದೆವು. ಹಡಗಿನ ಹೆಸರು ಕೇಳಲು, ಇಂಗ್ಲಿಷ್ ಬಲ್ಲವನೊಬ್ಬನನ್ನು ಮೇಲೆ ಕರೆಸಲಾಯಿತು.

೧೪.೩೫. ಹಾಗೆ ಕರೆಸಿದ ರೇಡಿಯೋದ ಎಹ್ಲರ್ಸ್, ಸೆಪ್ಟೆಂಬರಿನ ಆಜ್ಞೆಗೆ ವಿರುದ್ಧವಾಗಿ, ದೋಣಿಯಲ್ಲಿದ್ದ ಹತ್ತೊಂಬತ್ತು ಜನರಿಗೆ ಒಂದು ಡಬ್ಬಿ ನೀರು, ನಾಲ್ಕು ಬ್ರೆಡ್ ಕೊಟ್ಟು ದಡದ ದಿಕ್ಕು ತೋರಿಸಿದ. ತಡೆದರೂ ನಿಲ್ಲಲಿಲ್ಲ. ವಿಚಾರಣೆಗೆ ಶಿಫಾರಸು ಮಾಡುತ್ತೇನೆ.

೧೪.೫೦. ನೀರೊಳಗೆ ಇಳಿದು ಪಶ್ಚಿಮಕ್ಕೆ."

ಸೆಪ್ಟೆಂಬರಿನ ಆಜ್ಞೆ ನನಗೆ ಬಾಯಿಪಾಠ. ಮುಳುಗಿದ ಹಡಗಿನವರಿಗೆ ಯಾವ ನೆರವೂ ಕೂಡದು, ಆಹಾರ ಕೂಡದು, ನೀರು ಕೂಡದು. ದೋಣಿಗಳಿಗೆ ಹಂಚಲು ಅದರ ಅರವತ್ತು ಪ್ರತಿ ತೆಗೆದವಳು ನಾನು. ಒಂದೂ ತಪ್ಪಿರಲಿಲ್ಲ.

ಯಂತ್ರದ ಮೇಲೆ ಕೈಯಿಟ್ಟು ಕುಳಿತೆ. ನಮ್ಮ ಕಚೇರಿಯ ಕ್ಯಾಪ್ಟನ್ ಲೂಡರ್ಸ್ ಪ್ರತಿಗಳನ್ನು ಮಾತ್ರ ಓದುತ್ತಾರೆ, ಕೆಂಪು ಪೆನ್ಸಿಲ್ ಹಿಡಿದು. ಈ ಸಾಲಿನ ಕೆಳಗೆ ಅವರು ಗೆರೆ ಎಳೆಯುತ್ತಾರೆ. ಆಮೇಲೆ ನ್ಯಾಯಾಲಯ. ಆಮೇಲೆ ಏನು ಎಂಬುದನ್ನು ಅಲ್ಲಿಯವರು ನಿರ್ಧರಿಸುತ್ತಾರೆ. ಕಳೆದ ಬೇಸಿಗೆಯಲ್ಲಿ ಒಬ್ಬ ನಾವಿಕನ ತೀರ್ಪನ್ನೂ ನಾನು ಬೆರಳಚ್ಚು ಮಾಡಿದ್ದೆ. ಅವನು ಏನೋ ಅಂದಿದ್ದನಂತೆ, ಅಷ್ಟೆ. ಗುಂಡು ಹಾರಿಸಿದರು.

ತಲೆನೋವೆಂದು ಹೇಳಿ ಮನೆಗೆ ಬಂದೆ. ಹಾಳೆ ಯಂತ್ರದಲ್ಲೇ ಇದೆ, ೧೪.೨೦ರಲ್ಲಿ ನಿಂತಿದೆ.

೨೭ ಜನವರಿ

ಬಿಟ್ಟುಬಿಟ್ಟೆ.

೧೪.೨೦ ಆದಮೇಲೆ ೧೪.೫೦. ಸಾಲುಗಳ ನಡುವೆ ಗುರುತು ಕೂಡ ಉಳಿಯಲಿಲ್ಲ. ಮೊಹರು ತೆಗೆದುಕೊಂಡೆ. ಐದು ಸಲ ಒತ್ತಿದೆ.

೯ ಫೆಬ್ರವರಿ, ಮಂಗಳವಾರ

ವೋಲ್ಗಾ ದಡದ ಸೋಲಿಗೆ ಮೂರು ದಿನ ರೇಡಿಯೋದಲ್ಲಿ ಶೋಕದ ಸಂಗೀತ ಹಾಕಿ ಈಗ ಮತ್ತೆ ಮೆರವಣಿಗೆಯ ಹಾಡು ಹಾಕುತ್ತಿದ್ದಾರೆ.

ಹಾರ್ಬರ್ಟ್ಸ್ ಸಹಿ ಹಾಕಲು ಬಂದರು. ಮೂವತ್ತೂ ಆಗಿಲ್ಲ, ಕಣ್ಣಿನ ಕೆಳಗೆ ಮುದುಕರ ಹಾಗೆ ಚೀಲ ಬಿದ್ದಿದೆ. ಸಹಿ ಕೊನೆಯ ಹಾಳೆಗೆ ಮಾತ್ರ, ಆದರೆ ಅವರು ಮೊದಲಿನಿಂದ ಓದಿದರು. ನನ್ನ ಎದುರಿನ ಕುರ್ಚಿಯಲ್ಲೇ ಕುಳಿತು. ಆ ಹಾಳೆಗೆ ಬಂದಾಗ ನಾನು ರಿಬ್ಬನ್ ಬದಲಿಸುವ ನೆಪದಲ್ಲಿ ತಲೆ ತಗ್ಗಿಸಿದೆ. ಅವರ ಬೆರಳು ೧೪.೨೦ರ ಮೇಲೆ ನಿಂತಿತು, ೧೪.೫೦ಕ್ಕೆ ಹೋಯಿತು, ಮತ್ತೆ ಹಿಂದೆ ಬಂತು.

"ಸಮುದ್ರದ ಮೇಲೆ ಅರ್ಧ ಗಂಟೆ ಬೇಗ ಕಳೀತದೆ" ಅಂದರು. "ಇಲ್ಲಿ ಟೀ ಸಿಗತ್ತಾ?"

"ಗಿಡಮೂಲಿಕೆದು ಇದೆ, ಸರ್."

"ಅದು ಟೀ ಅಲ್ಲ, ಅದು ಶಿಕ್ಷೆ." ಸಹಿ ಹಾಕಿದರು. ಎದ್ದವರು ತಗ್ಗಿದ ದನಿಯಲ್ಲಿ, "ನೀವು ಎಹ್ಲರ್ಸ್‌ನ ಅಕ್ಕ ಅಲ್ವಾ? ಅಂಥ ಕಿವಿ ನನಗೆ ಇನ್ನೊಂದು ಸಿಗಲ್ಲ. ಆವತ್ತು ನನ್ನ ಎರಡನೇ ಆಫೀಸರ್ ಪಕ್ಕದಲ್ಲೇ ನಿಂತಿದ್ದ, ಅವನು ಪಕ್ಷದ ಮನುಷ್ಯ. ಬರೀಲೇಬೇಕಾಯ್ತು. ಈಗ ಅವನಿಗೆ ಬೇರೆ ದೋಣಿ ಆಗಿದೆ. ಒಳ್ಳೆ ಕೆಲಸ ಮಾಡಿದ್ರಿ" ಅಂದರು.

ಗುಟ್ಟು ಉಳಿಯಿತು. ತಮ್ಮ ಉಳಿದ. ಮನೆಗೆ ಬರುವಾಗ ದೊಡ್ಡ ಸೇತುವೆಯ ಹತ್ತಿರ ನಿಂತು ಕೊಲ್ಲಿ ನೋಡಿದೆ. ನೀರು ಬೂದು, ಅಂಚಿನಲ್ಲಿ ಮಾತ್ರ ಹಸಿರು, ಹಳೆಯ ತಾಮ್ರದ ಹಾಗೆ. ಎಷ್ಟು ದಿನವಾಗಿತ್ತು ಹೀಗೆ ನೋಡಿ.

೧೪ ಫೆಬ್ರವರಿ, ಭಾನುವಾರ

ಜಾಸ್ಪರ್ ರಜೆಗೆ ಬಂದಿದ್ದಾನೆ. ಅಮ್ಮ ಅವನ ತಟ್ಟೆಗೆ ತಮ್ಮ ಮಾಂಸವನ್ನೂ ಹಾಕಿದರು, ಅವನು ಅದನ್ನು ಅವರಿಗೆ ಕಾಣದಂತೆ ನನ್ನ ತಟ್ಟೆಗೆ ದಾಟಿಸಿದ. ಅಡುಗೆಮನೆಯ ನಲ್ಲಿ ತೊಟ್ಟಿಕ್ಕುತ್ತಿತ್ತು. ಊಟದ ನಡುವೆ ಎದ್ದು ಹೋಗಿ ಅದಕ್ಕೆ ಬಟ್ಟೆ ಸುತ್ತಿ ಬಂದ.

ಮಧ್ಯಾಹ್ನ ಇಬ್ಬರೂ ಕೊಲ್ಲಿಯ ದಂಡೆಯಲ್ಲಿ ನಡೆದೆವು. ಅವನು ನೀರಿನ ಕಡೆ ನೋಡದೆ ಮನೆಗಳ ಕಡೆ ನೋಡುತ್ತ ನಡೆಯುತ್ತಿದ್ದ.

"ಅಕ್ಕ, ಹಡಗು ಮುಳುಗೋವಾಗ ಮುರಿಯೋ ಸದ್ದು ಇರ್ತದಲ್ಲ, ಅದು ದೋಣೀಲಿ ಮೊದ್ಲು ಕೇಳೋದು ನನಗೆ. ಉಳಿದವ್ರಿಗೆ ನಾನು ಹೇಳಿದ್ಮೇಲೆ ಗೊತ್ತಾಗೋದು. ನಾನು ಹೇಳ್ತೀನಿ, ಅವ್ರು ಚಪ್ಪಾಳೆ ತಟ್ತಾರೆ." ಆಮೇಲೆ ರಕ್ಷಣಾ ದೋಣಿಯ ಕತೆ ಹೇಳಿದ. ನಾನು ಹೊಸದಾಗಿ ಕೇಳುವವಳ ಹಾಗೆ ಕೇಳಿದೆ.

"ಅದ್ರಲ್ಲಿ ಒಬ್ಬ ಮುದುಕ ಇದ್ದ. ನೀರು ಕೊಟ್ಟಾಗ ಥ್ಯಾಂಕ್ಸ್ ಅಂದುಬಿಟ್ಟ. ನಾವು ಮುಳುಗಿಸಿದ್ದು, ಅವನು ಥ್ಯಾಂಕ್ಸ್ ಅಂತಾನೆ. ಕಮಾಂಡರ್ ಕೆಳಗೆ ಬಂದು ಪುಸ್ತಕದಲ್ಲಿ ಬರೆದು ನನಗೆ ಓದಿ ಹೇಳಿದ್ರು. ವಿಚಾರಣೆ ಅಂತ. ಎಷ್ಟು ಹಗುರ ಆಯ್ತು ಗೊತ್ತಾ ನನಗೆ?"

"ಹಗುರ?"

"ಎರಡು ವರ್ಷನೋ ಮೂರು ವರ್ಷನೋ ಕೋಟೆ ಜೈಲು. ಕೋಟೆ ಅಂದ್ರೆ ಕಲ್ಲಿನ ಗೋಡೆ, ಅಕ್ಕ. ಆಚೆ ಕಡೆ ನೀರಿರಲ್ಲ. ಬಂದರು ಸೇರೋ ತನಕ ಅದೊಂದನ್ನೇ ನೆನಸ್ಕೊಂಡು ಮಲಗ್ತಿದ್ದೆ."

"ಗುಂಡು ಹಾರಿಸಿದ್ರೆ?"

"ನಾಲ್ಕು ಬ್ರೆಡ್ಡಿಗಾ? ಇಲ್ಲ. ನಮ್ಮ ಪಕ್ಕದ ದೋಣಿಯವನೊಬ್ಬ ಇದೇ ತರ ಮಾಡಿದ್ದ. ಎರಡು ವರ್ಷ ಕೊಟ್ರು. ಈಗ ಎಲ್ಲೋ ಒಳನಾಡಲ್ಲಿ ಕಲ್ಲು ಒಡೀತಿದಾನೆ, ದಪ್ಪ ಆಗಿದಾನಂತೆ." ನಕ್ಕ. "ಆದ್ರೆ ನನ್ನನ್ನ ಯಾರೂ ಕರೀಲೇ ಇಲ್ಲ. ದಿನಾ ಕಾದೆ. ನಿಮ್ಮ ಆಫೀಸಲ್ಲಿ ಯಾರೂ ಏನೂ ಓದೋದಿಲ್ವಾ?"

"ಕಾಗದ ಬಹಳ ಬರ್ತವೆ" ಅಂದೆ.

"ಹೋಗ್ಲಿ ಬಿಡು. ನೌಕಾಪಡೆಗೆ ಬೇಕಾದ್ದು ನನ್ನ ಕಿವಿ. ಉಳಿದದ್ದು ಹಿಂದೆ ಬಂದ್ರೆ ಬರ್ಲಿ, ಇಲ್ದಿದ್ರೆ ಇಲ್ಲ."

ಅವನಿಗೆ ಹೇಳಲಿಲ್ಲ.

೧೫ ಫೆಬ್ರವರಿ, ಸೋಮವಾರ

ಯೋಚಿಸಿದ್ದನ್ನು ಬರೆದಿಡುತ್ತೇನೆ. ಮೂಲ ಬೀರುವಿನಲ್ಲಿದೆ. ಕ್ಯಾಪ್ಟನ್ ಲೂಡರ್ಸ್ ಹತ್ತಿರ ಹೋಗಿ, "ಒಂದು ಸಾಲು ಬಿಟ್ಟುಹೋಗಿದೆ, ಕಣ್ತಪ್ಪು" ಎಂದರೆ ಸಾಕು. ಜಾಸ್ಪರ್‌ನನ್ನು ದೋಣಿಯಿಂದ ಇಳಿಸುತ್ತಾರೆ. ನನ್ನನ್ನೂ ಕೇಳುತ್ತಾರೆ: ಸ್ವಂತ ತಮ್ಮನ ಹೆಸರಿರುವ ಸಾಲೇ ಹೇಗೆ ಕಣ್ತಪ್ಪಿತು? ಅದು ಇರಲಿ. ನಿಜವಾದ ಭಯ ಅದಲ್ಲ. ಪಕ್ಕದ ದೋಣಿಯವನಿಗೆ ಎರಡು ವರ್ಷವಾದರೆ ಇವನಿಗೂ ಎರಡೇ ವರ್ಷ ಎಂದು ಯಾರು ಹೇಳಬಲ್ಲರು? ಆ ಬೇಸಿಗೆಯ ತೀರ್ಪು ಕಣ್ಣ ಮುಂದಿದೆ. ದೋಣಿ ಮತ್ತೆ ಹೊರಡುವುದು ಏಪ್ರಿಲ್‌ನಲ್ಲಿ. ಸಮಯವಿದೆ. ಮುಂದಿನ ಸೋಮವಾರ ಹೋಗುತ್ತೇನೆ.

೨೨ ಫೆಬ್ರವರಿ, ಸೋಮವಾರ

ಕ್ಯಾಪ್ಟನ್‌ಗೆ ಹಲ್ಲುನೋವು. ಸಿಡುಕುತ್ತಿದ್ದರು. ಸರಿಯಾದ ದಿನವಲ್ಲ.

೧ ಮಾರ್ಚ್, ಸೋಮವಾರ

ಗಾಳಿ ಜೋರು, ಪೂರ್ವದಿಂದ. ಬಾಗಿಲು ತಟ್ಟಿ ಒಳಗೆ ಹೋದೆ.

"ಏನು ಎಹ್ಲರ್ಸ್?"

ಕೆಂಪು ಪೆನ್ಸಿಲ್ ಅವರ ಕೈಯಲ್ಲಿತ್ತು. ಅದರ ತುದಿಯನ್ನು ನೋಡಿದೆ.

"ರಿಬ್ಬನ್ ಮುಗಿದಿದೆ, ಸರ್. ಎರಡು ಹೊಸದು ಬೇಕಿತ್ತು."

"ಒಂದು ತಗೊಳ್ಳಿ. ಯುದ್ಧ ನಡೀತಿದೆ."

ಒಂದು ತೆಗೆದುಕೊಂಡು ಬಂದೆ. ಹಳೆಯದು ಇನ್ನೂ ಚೆನ್ನಾಗಿದೆ.

೬ ಮಾರ್ಚ್, ಶನಿವಾರ

ಜಾಸ್ಪರ್ ೯.೧೦ರ ರೈಲಿಗೆ ಹೋದ. ನೋಟ ಚೆನ್ನಾಗಿತ್ತು. ಅಮ್ಮ ಕಾಲರ್ ಸರಿಮಾಡಿದರು. ಅವನು ನನ್ನನ್ನು ಪಕ್ಕಕ್ಕೆ ಕರೆದು, "ಅಕ್ಕ, ಆ ಕಾಗದ ಎಲ್ಲಾದ್ರೂ ನಿನ್ನ ಕೈಗೆ ಬಂದ್ರೆ ಮೇಲಕ್ಕೆ ಇಡು, ಅವ್ರ ಕಣ್ಣಿಗೆ ಬೀಳೋ ಹಾಗೆ" ಅಂದ. ತಮಾಷೆಯಾಗಿ ಹೇಳಿದ. ತಮಾಷೆ ಎಂದೇ ನಾನೂ ಕೇಳಿಸಿಕೊಂಡೆ.

೨೨ ಮಾರ್ಚ್

ಈ ವಾರ ಇನ್ನೊಂದು ದೋಣಿಯ ದಿನಚರಿಯಲ್ಲಿ ಅಡುಗೆಯವನೊಬ್ಬ ಕಾವಲಿನಲ್ಲಿ ನಿದ್ದೆ ಮಾಡಿದ ಸಾಲಿತ್ತು. ಬಿಟ್ಟೆ. ಅವನಿಗೂ ಮನೆಯಲ್ಲಿ ಯಾರಾದರೂ ಇರುತ್ತಾರೆ. ಮತ್ತೊಂದರಲ್ಲಿ ಕಮಾಂಡರ್ ಅತ್ತದ್ದನ್ನು ತಾನೇ ಬರೆದಿದ್ದರು. ಅದನ್ನೂ ಬಿಟ್ಟೆ. ಓದಲು ಚೆನ್ನಾಗಿರಲಿಲ್ಲ.

೨೪ ಏಪ್ರಿಲ್, ಶನಿವಾರ

ಗಾಳಿ ನೈರುತ್ಯ ೩. ಮೋಡ. ಕೆಟಲ್ ದೋಣಿ ಇವತ್ತು ಫ್ರಾನ್ಸಿನಿಂದ ಹೊರಟಿತು. ನಾಳೆ ಈಸ್ಟರ್. ಕಚೇರಿ ಸೋಮವಾರವೂ ರಜೆ, ಆದ್ದರಿಂದ ಏನನ್ನಾದರೂ ಹೇಳುವುದಿದ್ದರೂ ಹೇಳಲು ಯಾರೂ ಇರುವುದಿಲ್ಲ.

೧೪ ಮೇ, ಶುಕ್ರವಾರ

೧೨.೦೦. ಅಮೆರಿಕದ ವಿಮಾನಗಳು, ಹಾಡಹಗಲೇ. ಹಡಗುಕಟ್ಟೆಯ ಮೇಲೆ ಬಹಳ ಬಾಂಬು. ನಮ್ಮ ಮನೆಯ ಕಿಟಕಿ ಗಾಜು ನಾಲ್ಕು ಹೋದವು. ಅಮ್ಮ ಕ್ಷೇಮ, ನೆಲಮಾಳಿಗೆಯಲ್ಲಿ ಕುಳಿತು ಕಾಲುಚೀಲ ಹೆಣೆಯುತ್ತಿದ್ದರು. ಒಂದು ಹೆಣಿಗೆಯೂ ತಪ್ಪಿಲ್ಲವೆಂದು ತೋರಿಸಿದರು.

ಈ ತಿಂಗಳು ಫ್ರೌ ಪೋಲ್ ಅವರ ಕೈಯಿಂದ ಪೆನ್ಸಿಲ್ ಇಳಿಯುತ್ತಿಲ್ಲ. ನಿನ್ನೆ ಮೂರು ಚೀಟಿ, ಇವತ್ತು ಎರಡು.

೧೯ ಮೇ, ಬುಧವಾರ

ಗಾಳಿ ವಾಯವ್ಯ ೨. ಬಿಸಿಲು. "ನೀವು ಎಲ್ಲಿದ್ದೀರಿ, ತಿಳಿಸಿ" ಎಂದು ಕೆಟಲ್ ದೋಣಿಗೆ ಸೋಮವಾರ ರೇಡಿಯೋ ಸಂದೇಶ ಹೋಗಿದೆ. ನಿನ್ನೆ ಮತ್ತೆ. ಇವತ್ತು ಮತ್ತೆ. ಸಂದೇಶಗಳ ಪ್ರತಿ ನನ್ನ ಮೇಜಿಗೆ ಬಂತು, ಕಡತಕ್ಕೆ ಸೇರಿಸಲು. ಉತ್ತರದ ಜಾಗದಲ್ಲಿ ಅಡ್ಡಗೆರೆ.

ಉತ್ತರಿಸಬೇಕಾದವನು ಜಾಸ್ಪರ್.

೨೦ ಮೇ

ಅಡ್ಡಗೆರೆ.

೨೧ ಮೇ

ಅಡ್ಡಗೆರೆ.

೨ ಜೂನ್, ಬುಧವಾರ

ಫ್ರೌ ಪೋಲ್ ಪೆಟ್ಟಿಗೆಯ ಮುಂದೆ ಬಹಳ ಹೊತ್ತು ನಿಂತಿದ್ದರು. ಆಮೇಲೆ ಪೆನ್ಸಿಲ್ ಕೆಳಗಿಟ್ಟು, "ಟೆಲ್ಸೆ, ನೀನು ಸ್ವಲ್ಪ ಹೊರಗೆ ಹೋಗಿ ಬಾ. ಗಾಳಿ ಕುಡ್ಕೊಂಡು ಬಾ" ಅಂದರು.

"ನಾನೇ ಹಾಕ್ತೀನಿ, ಕೊಡಿ" ಅಂದೆ.

ಹಾಕಿದೆ. ಐದು ಮೂಲೆ. ಮೂರನೆಯ ಮೂಲೆಯಲ್ಲಿ ಸೀಸ ಮುರಿಯಿತು, ಚೂಪು ಮಾಡಿಕೊಂಡು ಮುಗಿಸಿದೆ.

"ಸುದ್ದಿ ಇಲ್ಲ ಅಂದ್ರೆ…" ಎಂದು ಅವರು ಶುರು ಮಾಡಿದರು. ಅಭ್ಯಾಸಬಲ. ನಾನು ನೋಡಿದೆ. ಅವರು ಮಾತು ನಿಲ್ಲಿಸಿ, ತಮ್ಮ ಪಾಲಿನ ಬ್ರೆಡ್ಡನ್ನು ನನ್ನ ಮೇಜಿನ ಮೇಲಿಟ್ಟು ಹೋದರು.

ಅವನು ಒಳನಾಡಿನಲ್ಲಿ ಕಲ್ಲು ಒಡೆಯುತ್ತಿರಬಹುದಿತ್ತು. ದಪ್ಪ ಆಗಿರಬಹುದಿತ್ತು.

೧೦ ಜೂನ್, ಗುರುವಾರ

ಗಾಳಿ ಪಶ್ಚಿಮ ೪. ಆಗಾಗ ಮಳೆ. ಕೆಟಲ್ ದೋಣಿಯ ಎಂಜಿನ್ ಕೆಲಸಗಾರನ ಹೆಂಡತಿ ಬಂದಿದ್ದಳು, ಏಳು ತಿಂಗಳ ಬಸುರಿ. ಫ್ರೌ ಪೋಲ್ ಇರಲಿಲ್ಲ. ಕೂರಿಸಿದೆ. ದೂರ ಇದ್ದಾರೆ, ರೇಡಿಯೋ ಮಾತಾಡುವ ಹಾಗಿಲ್ಲ, ಸುದ್ದಿ ಇಲ್ಲ ಅಂದರೆ ಒಳ್ಳೆಯ ಸುದ್ದಿ ಎಂದು ಹೇಳಿದೆ. ಸಮಾಧಾನದಿಂದ ಹೋದಳು. ಮಧ್ಯಾಹ್ನ ಎರಡು ದಿನಚರಿ ಮುಗಿಸಿದೆ.

೨೮ ಜೂನ್, ಸೋಮವಾರ

ಮನೆಯವರಿಗೆ ಕಳಿಸುವ ಪತ್ರದ ಕರಡು ಶುಕ್ರವಾರ ಬಂದಿತ್ತು. ನಲವತ್ತಾರು ಪತ್ರ. ವಿಳಾಸ ಬೇರೆ, ಒಕ್ಕಣೆ ಒಂದೇ. ಅಕಾರಾದಿಯಲ್ಲಿ ಮಾಡಿದ್ದರಿಂದ ನಮ್ಮ ಮನೆಯದು ಒಂಬತ್ತನೆಯದು. ಹತ್ತನೆಯದನ್ನೂ ಅದೇ ವೇಗದಲ್ಲಿ ಮಾಡಿದೆ.

ಇವತ್ತು ೭.೪೦ಕ್ಕೆ ಅಂಚೆಯವನು ತಂದ. ಅಮ್ಮ ಲಕೋಟೆಯನ್ನು ಮೇಜಿನ ಮೇಲಿಟ್ಟು, ಕೈ ಒರೆಸಿಕೊಂಡು, "ಕನ್ನಡಕ ಎಲ್ಲಿಟ್ಟೆನೋ ಏನೋ. ನೀನೇ ಓದೇ" ಅಂದರು.

ಓದಿದೆ. ದೋಣಿ ಮೇ ತಿಂಗಳಿನಿಂದ ಸಂಪರ್ಕದಲ್ಲಿಲ್ಲ ಎಂಬಲ್ಲಿವರೆಗೆ ಓದಿದೆ. ಮುಂದಿನ ವಾಕ್ಯ, "ದೋಣಿಯೂ ಸಿಬ್ಬಂದಿಯೂ ಹೋದರೆಂದೇ ಭಾವಿಸಬೇಕಾಗಿದೆ." ಅದನ್ನು ಬಿಟ್ಟು ಅದರ ಮುಂದಿನದನ್ನು ಓದಿದೆ: ಹೊಸ ಮಾಹಿತಿ ಬಂದರೆ ಕೂಡಲೇ ತಿಳಿಸಲಾಗುವುದು. ನಡುವೆ ಉಸಿರು ಕೂಡ ತೆಗೆದುಕೊಳ್ಳಲಿಲ್ಲ.

"ಅಷ್ಟೇನಾ?"

"ಅಷ್ಟೇ."

ಅಮ್ಮ ಪತ್ರವನ್ನು ತೆಗೆದುಕೊಂಡು ಮಡಿಚಿ ಸಕ್ಕರೆ ಡಬ್ಬಿಯ ಕೆಳಗಿಟ್ಟರು. "ಯಾರು ಟೈಪ್ ಮಾಡಿದ್ದೋ, ಎಷ್ಟು ಚೊಕ್ಕವಾಗಿದೆ" ಅಂದರು.

ಪಾತ್ರೆ ತೊಳೆಯಲು ಬಗ್ಗಿದಾಗ ಅವರ ಏಪ್ರನ್ ಜೇಬಿನಲ್ಲಿ ಕನ್ನಡಕ ಕಂಡಿತು.

೨೦ ಜುಲೈ

ಗಾಳಿ ಇಲ್ಲ. ಎರಡನೆಯ ನಕ್ಷತ್ರ, ಶಾಯಿಯಲ್ಲಿ. ಆರಲು ಸ್ವಲ್ಪ ಹೊತ್ತು ಬೇಕಾಯಿತು, ಊದಿದೆ.

೧೬ ನವೆಂಬರ್ ೧೯೪೩, ಮಂಗಳವಾರ

೮.೦೦. ಬಾಂಬಿನ ಭಯಕ್ಕೆ ಬೀರುಗಳಲ್ಲಿರುವ ಮೂಲಗಳನ್ನೆಲ್ಲ ಒಳನಾಡಿನ ಒಂದು ಕೋಟೆಗೆ ಸಾಗಿಸುವ ಆಜ್ಞೆ. ಪೆಟ್ಟಿಗೆಗೆ ತುಂಬುವ ಕೆಲಸ ನನ್ನದು. ನಮ್ಮಲ್ಲಿರುವ ಐದನೆಯ ಪ್ರತಿಗಳೂ ಜೊತೆಗೇ ಹೋಗಬೇಕು.

೧೦.೩೦. ಕೆಟಲ್ ದೋಣಿ. ತೆಳ್ಳಗಿನ ಪುಸ್ತಕ, ಒಂದೇ ಯಾತ್ರೆಯದು. ಎರಡನೆಯ ಯಾತ್ರೆಯ ದಿನಚರಿ ದೋಣಿಯ ಜೊತೆಗೇ ಇದೆ. ಡಿಸೆಂಬರ್ ಹದಿನಾಲ್ಕರ ಪುಟ ತೆರೆದೆ. ಪೆನ್ಸಿಲ್ ಅಕ್ಷರ ಮಸುಕಾಗಿದೆ, ಆದರೂ ಓದಬಹುದು. ನನ್ನ ತಮ್ಮ ಹತ್ತೊಂಬತ್ತು ಜನರಿಗೆ ನೀರು ಕೊಟ್ಟ ಎಂಬುದಕ್ಕೆ ಈಗ ಕಾಗದದ ಮೇಲೆ ಇರುವುದು ಈ ಆರೋಪ ಒಂದೇ. ಬರೆದವರಿಲ್ಲ, ತಡೆದವರಿಲ್ಲ, ಕೊಟ್ಟವನಿಲ್ಲ. ನೀರು ಕುಡಿದವರು ದಡ ಸೇರಿದರೋ ಇಲ್ಲವೋ ಯಾರಿಗೆ ಗೊತ್ತು.

೧೦.೫೦. ಯಂತ್ರಕ್ಕೆ ಹಾಳೆ ಹಾಕಿದೆ. ಕಾರ್ಬನ್ ಇಲ್ಲ, ಒಂದೇ ಹಾಳೆ. ಆ ಪುಟವನ್ನು ಮೊದಲಿನಿಂದ ಮಾಡಿದೆ. ೧೪.೨೦. ೧೪.೩೫. ೧೪.೫೦. ಅವರ ಒಂದು ಅಲ್ಪವಿರಾಮ ತಪ್ಪಾದ ಜಾಗದಲ್ಲಿತ್ತು, ಅದನ್ನೂ ಹಾಗೇ ಇಟ್ಟೆ.

ಮೊಹರು ಒತ್ತುತ್ತಿದ್ದಾಗ ಕ್ಯಾಪ್ಟನ್ ಲೂಡರ್ಸ್ ಹಿಂದೆ ಬಂದು ನಿಂತಿದ್ದರು.

"ಏನದು ಎಹ್ಲರ್ಸ್? ಹಳೇದಲ್ವಾ?"

"ಒಂದು ಹಾಳೆ ಕೆಟ್ಟಿತ್ತು ಸರ್, ಮತ್ತೆ ಮಾಡಿದೆ."

"ಯಾವ ದೋಣಿ?"

ಹೇಳಿದೆ.

"ಓ." ಅವರು ನನ್ನ ಭುಜದ ಮೇಲಿಂದ ಬಗ್ಗಿ ಓದಲಿಲ್ಲ. ಗಡಿಯಾರ ನೋಡಿದರು. "ಅದರದ್ದು ಇನ್ಯಾರು ಓದ್ತಾರೆ. ಬೇಗ ಮುಗಿಸಿ, ಲಾರಿ ಎರಡು ಗಂಟೆಗೆ."

ಹೊಸ ಹಾಳೆಯನ್ನು ಐದನೆಯ ಪ್ರತಿಯೊಳಗೆ ಹೊಲಿದೆ. ಮೇಲಕ್ಕೆ ಹೋದ ನಾಲ್ಕು ಪ್ರತಿಗಳಲ್ಲಿ ಅವನು ಯಾರಿಗೂ ನೀರು ಕೊಟ್ಟಿಲ್ಲ. ಇದೊಂದರಲ್ಲಿ ಕೊಟ್ಟಿದ್ದಾನೆ. ತೆಗೆದ ಹಾಳೆಯನ್ನು ಮಡಿಚಿ ತಂದು ಈ ಪುಸ್ತಕದಲ್ಲಿಟ್ಟಿದ್ದೇನೆ. ಅವನಿಲ್ಲದ ಹಾಳೆ. ನನ್ನ ಹತ್ತಿರ ಉಳಿದಿರುವುದು ಅದು.

೧೪.೧೦. ಲಾರಿ ಹೊರಟಿತು. ಕೋಟೆಗೆ. ಅಲ್ಲಿ ಕಲ್ಲಿನ ಗೋಡೆಯಿರುತ್ತದೆ, ಆಚೆ ಕಡೆ ನೀರಿರುವುದಿಲ್ಲ.

೧೭.೫೫. ಮನೆ. ಅಮ್ಮ ಎರಡು ತಟ್ಟೆ ಇಟ್ಟಿದ್ದರು.

"ಇವತ್ತೇನಿತ್ತು ಕೆಲಸ?" ಅಂದರು.

"ಒಂದು ತಪ್ಪು ತಿದ್ದಿದೆ."

"ದೊಡ್ಡದಾ?"

"ಒಂದು ಸಾಲು."

ಅಮ್ಮ ಸೂಪು ಬಡಿಸಿದರು. ನನಗೆ ಹೆಚ್ಚು, ಅವರಿಗೆ ಕಡಿಮೆ. ನಲ್ಲಿಗೆ ಸುತ್ತಿದ ಬಟ್ಟೆಯನ್ನು ಇನ್ನೂ ಯಾರೂ ಬಿಚ್ಚಿಲ್ಲ.

೧೮.೩೫. ಗಾಳಿ ಈಶಾನ್ಯ ೨. ಸಣ್ಣ ಮಳೆ. ನೋಟ ಕಡಿಮೆ. ವಿಶೇಷವೇನಿಲ್ಲ.